ಚಿಲಕ ಇಲ್ಲದ ಬಾಗಿಲು

ನನಗ ಫಿಟ್ಸ್ ಬರತಿತ್ತು, ಕಾಲಾಗ ಸಕ್ಕರಿ ರೋಗದ ಹುಣ್ಣು ಬ್ಯಾರೆ. ಗಂಡನ ಮನಿಯವರು ಹೊರಗ ಹಾಕಿದ ಮ್ಯಾಲ ದೇವದುರ್ಗದ ಬಸ್ ಸ್ಟ್ಯಾಂಡಿನಾಗ ಮಲಗತಿದ್ದೆ. ಎಂಬತ್ತನೇ ಇಸವಿ ಆಸುಪಾಸಿನಾಗ ಯಾರೋ ಪುಣ್ಯಾತ್ಮರು ರಾಯಚೂರಿಗೆ ಕರಕೊಂಡು ಬಂದು, ನನ್ನಂಥ ದಿಕ್ಕಿಲ್ಲದ ರೋಗಿಷ್ಟರಿಗಂತ ಕಟ್ಟಿಸಿದ್ದ ಖೋಲಿಗಳೊಳಗ ಒಂದು ಕೊಡಿಸಿದ್ರು. ಮಂಚ, ಗುಳಿಗಿ, ಎರಡು ಹೊತ್ತು ರೊಟ್ಟಿ, ಎಲ್ಲಾ ಇತ್ತು. ಬಾಗಿಲಿಗೆ ಒಳಗಿನ ಚಿಲಕ ಮಾತ್ರ ಇರಲಿಲ್ಲ. ಚಿಲಕ ಹಾಕ್ಕೊಂಡು ಒಳಗ ಬಿದ್ರ ಹೆಂಗ ಎತ್ತೋದು ಅಂತ ಕೀಳಿಸಿದ್ರಂತ.

ಖರೇ ಮಾತು. ಆದ್ರ ಯಾರು ಬೇಕಾದ್ರೂ ದಬ್ಬಿಕೊಂಡು ಬರೋದಾದ್ರ ಬಸ್ ಸ್ಟ್ಯಾಂಡಿಗೂ ಖೋಲಿಗೂ ಏನು ಫರಕು? ಒಂದಿನ ನಾನು ಸೀರಿ ಉಡಾಕತ್ತಿದ್ದೆ, ಹುಣ್ಣಿಗೆ ಮದ್ದು ಹಚ್ಚೋ ಆಯಾ ಸೀದಾ ಒಳಗ ಬಂದ್ಲು. ನನಗ ಸಿಟ್ಟು ನೆತ್ತಿಗೇರಿತು.

"ಚಿಲಕ ಬ್ಯಾಡಂದ್ರ ಬ್ಯಾಡ. ಹೊರಗ ನಿಂತು ಕೂಗಿ ಬಾ ಬೇ!" ಅಂದೆ.

ಮರುದಿನದಿಂದ ಆಕಿ ಹೊಸ್ತಿಲ ಹೊರಗ ನಿಂತು, "ಯವ್ವಾ, ಒಳಗ ಅದಿಯೇನ?" ಅಂತಿದ್ಲು. ನಾನು ಬೇಕಂತನ ಒಂಚೂರು ತಡಾ ಮಾಡಿ, ದೊಡ್ಡ ಮನಿತನದಾಕಿ ಹಂಗ "ಬಾರವ್ವ" ಅಂತಿದ್ದೆ. ದಿನದಾಗ ನನ್ನ ಕೂಡ ಯಾರಾದ್ರೂ ಆಡತಿದ್ದ ಮಾತು ಅಂದ್ರ ಅದೊಂದ.

ಆಕಿ ರಜಾ ಹಾಕಿ ಮಾನ್ವಿಗೆ ಹೋದ ದಿನ ಯಾರೂ ಕೂಗಲಿಲ್ಲ. ಸಂಜಿಗೆ ನಾನ ಎದ್ದು ಹೊರಗ ಬಂದೆ. ನನ್ನ ಖೋಲಿ ಬಾಗಿಲಾನ ಮುಂದಕ್ಕ ಎಳದು, ಹೊಸ್ತಿಲ ಹೊರಗ ನಿಂತು, "ಯವ್ವಾ, ಒಳಗ ಅದಿಯೇನ?" ಅಂದೆ.

ಬಾ ಅಂತಾರೇನೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ.