ಬಾರದ ವಿದ್ಯಾರ್ಥಿವೇತನಕ್ಕೆ ಥ್ಯಾಂಕ್ಸು

ಕೇಳಿ ಮಾರಾಯ್ರೆ, ಫೀ ಕಟ್ಟದೆ ಹಾಲ್ ಟಿಕೆಟ್ ಇಲ್ಲ ಅಂತ ಇವತ್ತು ಕಾರವಾರದಲ್ಲಿರೋ ಮಗಳ ಕಾಲೇಜಿಗೆ ನನ್ನ ಕರೆಸಿದ್ರು. ಹೋದ್ರೆ ಅಲ್ಲಿ ಶೂಟಿಂಗು! ವಿದ್ಯಾರ್ಥಿವೇತನ ತಲುಪಿದೆ ಅಂತ ಮಕ್ಕಳ ಬಾಯಲ್ಲೇ ಹೇಳಿಸಿ ಬೆಂಗಳೂರಿಗೆ ವಿಡಿಯೋ ಕಳಿಸಬೇಕಂತೆ. ಮಗಳನ್ನೂ ನಿಲ್ಲಿಸಿದ್ರು.

"ಸರ್, ನಂಗೆ ಇನ್ನೂ ಬಂದೇ ಇಲ್ಲ."

"ಬರ್ತದೆ. ನೀ ಮೊದ್ಲು ಥ್ಯಾಂಕ್ಸ್ ಹೇಳು," ಅಂದ ಗುಮಾಸ್ತ.

"ಹೋದ ವರ್ಷದ್ದೂ ಬಂದಿಲ್ಲ."

"ಹಾಗಾದ್ರೆ ಎರಡು ಸಲ ಹೇಳು. ಸ್ವಲ್ಪ ನಗು ಮತ್ತೆ, ಮೇಲಿನವ್ರು ನೋಡ್ತಾರೆ."

ಮಗಳಿಗೆ ನಿಜವಾಗ್ಲೂ ನಗು ಬಂತು. ಅದನ್ನೇ ಕಳಿಸಿದ್ರು.

ದುಡ್ಡು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಕೇಳಿದೆ. "ಅದನ್ನ ನಮ್ಮ ಹತ್ರ ಯಾರೂ ಕೇಳಿಲ್ಲ, ವಿಡಿಯೋ ಮಾತ್ರ ಕೇಳಿದ್ದಾರೆ" ಅಂದ.

ನಾವು ಅಂಕೋಲಾ ಬದಿಯವರು ದೇವರಿಗೂ ಹರಕೆ ಒಪ್ಪಿಸೋದು ಕೆಲಸ ಆದ್ಮೇಲೇ. ದೇವರು ಅಲ್ಲಿವರೆಗೆ ಕಾಯ್ತಾನೆ. ಸರ್ಕಾರಕ್ಕೆ ಮಾತ್ರ ಅಡ್ವಾನ್ಸ್ ಬೇಕು.