ಸಾಂಬ್ರಾಣಿ ಹೊಗೆ ಕುಡಿದ ಕಾರು

೧೯೭೯ನೇ ಇಸವಿ. ನಮ್ಮ ಯಜಮಾನರು ಎಂಬತ್ತು ಎಂದು ವಾದಿಸುತ್ತಾರೆ. ವಾದಿಸಲಿ ಬಿಡಿ, ನನ್ನ ಮದುವೆ ಯಾವ ವರ್ಷ ಆಯಿತು ಅಂತ ನನಗೆ ಗೊತ್ತಿಲ್ಲವೇ?

ಆಗ ನಮ್ಮ ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿತ್ತು. ಅಪ್ಪ ಸ್ಕೂಲ್ ಮೇಷ್ಟ್ರು. ಗುಬ್ಬಿಯ ಡಾಕ್ಟರೊಬ್ಬರು ಸಾಕಪ್ಪಾ ಸಾಕು ಎಂದು ಮಾರಿದ ಹಳೇ ಕಪ್ಪು ಕಾರನ್ನು ಅಪ್ಪ ತಂದು ಸಾಕುತ್ತಿದ್ದರು. ಸಾಕುವುದು ಅಂತಲೇ ಹೇಳಬೇಕು, ಯಾಕೆಂದರೆ ಅದು ಓಡಿದ್ದಕ್ಕಿಂತ ಮನೆ ಮುಂದೆ ನಿಂತು ಸೇವೆ ಮಾಡಿಸಿಕೊಂಡಿದ್ದೇ ಹೆಚ್ಚು. ಅಪ್ಪ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರೆ, ಡ್ರೈವರ್ ಸೀಟಿನಲ್ಲಿ ಕೂರುವುದು ನನ್ನ ಕೆಲಸ. "ಎಳಿಯವ್ವಾ" ಅಂತ ಅವರು ಕೂಗಿದ ತಕ್ಷಣ ನಾನು ಸ್ಟಾರ್ಟರ್ ಎಳೆಯಬೇಕು. ಲಂಗ ಹಾಕುತ್ತಿದ್ದ ಕಾಲದಿಂದ ಸೀರೆ ಉಡುವವರೆಗೂ ಇದೇ ನಡೆದುಕೊಂಡು ಬಂದಿತ್ತು.

ನನ್ನನ್ನು ಕುಣಿಗಲ್‌ಗೆ ಕೊಟ್ಟರು. ನಿಶ್ಚಿತಾರ್ಥದ ದಿನ ಈ ಕಾರು ಮಹಾರಾಯ ದಾರಿಯಲ್ಲಿ ಮುಷ್ಕರ ಹೂಡಿದ್ದರಿಂದ ನಾವು ತಡವಾಗಿ ಹೋದೆವು. ಗಂಡಿನ ಸೋದರತ್ತೆ ಎಲ್ಲರ ಎದುರಿಗೇ ಅಂದುಬಿಟ್ಟರು, "ಮದ್ವೆ ದಿನಾನೂ ಹಿಂಗೇ ಬಂದ್ರೆ ಮುಹೂರ್ತ ನಿಮಗೋಸ್ಕರ ಕಾಯ್ಕೊಂಡ್ ಕೂತಿರಲ್ಲ ಮೇಷ್ಟ್ರೇ." ಅಪ್ಪನಿಗೆ ಅದು ಚುರುಕ್ಕಂದಿತು. "ಇದೇ ಕಾರಲ್ಲಿ ಬರ್ತೀನಿ, ಹೊತ್ತಿಗೆ ಸರಿಯಾಗಿ ಬರ್ತೀನಿ" ಎಂದು ಮಾತು ಕೊಟ್ಟು ಬಂದರು.

ಮದುವೆ ಗಂಡಿನ ಮನೆಯಲ್ಲಿ, ಬುಧವಾರ ಬೆಳಿಗ್ಗೆ. ಹಿಂದಿನ ದಿನವೇ ಹೋಗಿ ಸೇರಿಕೊಳ್ಳೋಣ ಎಂದರೆ ಅಂದು ಮಂಗಳವಾರ. ಮಂಗಳವಾರ ಹೆಣ್ಣುಮಗಳನ್ನು ಹೊಸಿಲು ದಾಟಿಸುವುದಕ್ಕೆ ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ಸುತರಾಂ ಒಪ್ಪಲಿಲ್ಲ. ಹಾಗಾಗಿ ನೆಂಟರಿಷ್ಟರೆಲ್ಲ ಬುಧವಾರ ನಸುಕಿನಲ್ಲೇ ಬಸ್ಸಿನಲ್ಲಿ ಹೊರಟರು. ಅಪ್ಪ, ಅಮ್ಮ, ಅಜ್ಜಿ, ಹಾಗಲವಾಡಿಯ ನನ್ನ ಸೋದರಮಾವ ಮತ್ತು ಮದುವಣಗಿತ್ತಿಯಾದ ನಾನು ಕಾರಿನಲ್ಲಿ ಹಿಂದಿನಿಂದ ಬರುವುದು ಎಂದಾಯಿತು.

ಅಜ್ಜಿ ಕತ್ತಲಲ್ಲೇ ಎದ್ದು ನನಗೆ ಎಣ್ಣೆ ನೀರು ಹಾಕಿ, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಒಣಗಿಸಿದರು. ಕಾರಿಗೂ ಪೂಜೆಯಾಯಿತು. ಹೂವು, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಯಾವುದಕ್ಕೂ ಕಮ್ಮಿ ಇರಲಿಲ್ಲ. ನಾವೆಲ್ಲ ಹತ್ತಿ ಕೂತೆವು. ಅಪ್ಪ ಸ್ಟಾರ್ಟರ್ ಎಳೆದರು. ಕಾರು ಗರ್ ಗರ್ ಎಂದು ಸುಮ್ಮನಾಯಿತು. ಮತ್ತೆ ಎಳೆದರು, ಮತ್ತೆ ಅದೇ ಗರ್ ಗರ್. ನಿಂಬೆಹಣ್ಣು ಚಕ್ರದ ಕೆಳಗೆ ಹಾಗೇ ಇತ್ತು.

"ಕಣ್ಣಾಗಿದೆ" ಎಂದರು ಅಮ್ಮ. "ಪೆಟ್ರೋಲ್ ಎಳೀತಿಲ್ಲ ಭಾವ" ಎಂದರು ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಓಡಿಸದ ಸೋದರಮಾವ. ತಳ್ಳಿ ನೋಡೋಣ ಎಂದು ಬೀದಿಯವರೆಲ್ಲ ಕೈ ಹಾಕಿದರು. ರೇಷ್ಮೆ ಸೀರೆ ಉಟ್ಟು, ಮೊಗ್ಗಿನ ಜಡೆ ಹಾಕಿಕೊಂಡು ನಾನು ಒಳಗೆ ಕೂತಿದ್ದೆ. ಉತ್ಸವಮೂರ್ತಿಯ ಹಾಗೆ ನನ್ನನ್ನು ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋದರು, ಕಾರು ಜಪ್ಪಯ್ಯ ಅನ್ನಲಿಲ್ಲ. ಹಾಗೇ ವಾಪಸ್ ತಳ್ಳಿಕೊಂಡು ಬಂದರು. ಸೋದರಮಾವ ಟ್ಯಾಕ್ಸಿ ಹುಡುಕಲು ಓಡಿ, ಸಪ್ಪೆ ಮುಖ ಹಾಕಿಕೊಂಡು ಬಂದರು. ಒಳ್ಳೇ ಲಗ್ನದ ದಿನ, ಊರಿನ ಟ್ಯಾಕ್ಸಿಗಳೆಲ್ಲ ಯಾರ್ಯಾರದೋ ಮದುವೆಗೆ ಹೋಗಿದ್ದವು.

ಅಪ್ಪನ ಮುಖದಲ್ಲಿ ಬೆವರಿಳಿಯುತ್ತಿತ್ತು. ಅವರಿಗೆ ಆ ಸೋದರತ್ತೆಯ ಮಾತೇ ಕಿವಿಯಲ್ಲಿ ಕೂತಿತ್ತು. ನನಗೆ ಅಳು ಬರುವ ಬದಲು ಸಿಟ್ಟು ಬಂತು. ಇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವರ್ ಸೀಟಿಗೆ ಹೋಗಿ ಕೂತೆ.

"ಅಪ್ಪ, ಗಾಬ್ರಿಯಾಗ್ಬೇಡಿ. ದಿನಾ ನೋಡೋ ಹಂಗೆ ಒಂದೊಂದಾಗಿ ನೋಡಿ. ನಾನು ಎಳೀತೀನಿ" ಎಂದೆ.

ಅಪ್ಪ ಒಂದು ಕ್ಷಣ ನನ್ನನ್ನು ನೋಡಿ ಬಾನೆಟ್ ಎತ್ತಿದರು. ಸ್ಟಾರ್ಟರ್ ಎಳೆದಾಗ ಎಂಜಿನ್ ಜೋರಾಗಿಯೇ ತಿರುಗುತ್ತಿತ್ತು, ಹಾಗಾಗಿ ಬ್ಯಾಟರಿಯದು ತಪ್ಪಿಲ್ಲ. ಪೈಪ್ ಬಿಚ್ಚಿ ನೋಡಿದರು, ಪೆಟ್ರೋಲ್ ಚಿಮ್ಮಿತು. ಪೈಪನ್ನು ಮತ್ತೆ ಹಾಕಿ, ಪ್ಲಗ್ಗಿನ ವೈರ್ ಕಿತ್ತು, ಕಬ್ಬಿಣದ ಹತ್ತಿರ ಹಿಡಿದು "ಎಳಿಯವ್ವಾ" ಎಂದರು. ಎಳೆದೆ. ಕಿಡಿಯೇ ಇಲ್ಲ. ಇನ್ನು ಉಳಿದಿದ್ದು ಡಿಸ್ಟ್ರಿಬ್ಯೂಟರ್. ಪ್ಲಗ್ಗುಗಳಿಗೆಲ್ಲ ಕರೆಂಟ್ ಹಂಚುವುದು ಅದೇ. ಅಪ್ಪ ಅದರ ಬಟ್ಟಲಿನಂಥ ಮುಚ್ಚಳ ಬಿಚ್ಚಿ ಬೋರಲು ಹಾಕಿದರೆ ತೊಟ್ಟಿಕ್ಕಿದ್ದು ನೀರು. ಅದೂ ಹಳದಿ ನೀರು.

"ಇದರೊಳಗೆ ಅರಿಶಿನ ಎಲ್ಲಿಂದ ಬಂತು?" ಎಂದರು ಅಪ್ಪ. ಎಲ್ಲರೂ ಅಜ್ಜಿಯ ಕಡೆ ತಿರುಗಿದೆವು.

"ಏನ್ ಹಂಗ್ ನೋಡ್ತೀರಾ?" ಎಂದರು ಅಜ್ಜಿ. "ಮುಖ ತೊಳ್ದು ಅರಿಸ್ನ ಹಚ್ದೆ ಕುಂಕುಮ ಇಡಕ್ಕಾಯ್ತದಾ? ಅದ್ಕೇ ಬೆಳಿಗ್ಗೆ ಮುಂದ್ಗಡೆ ಆ ದೊಡ್ ಮುಚ್ಲ ಎತ್ಸಿ ಒಳಗೂ ಅರಿಸ್ನದ ನೀರು ಹುಯ್ದೆ."

"ಅವ್ವಾ, ಅದು ಕಾರು ಕಣವ್ವಾ, ಮದ್ವಣಗಿತ್ತಿ ಅಲ್ಲ."

"ಮದ್ವಣಗಿತ್ತೀನ ಕರ್ಕೊಂಡೋಗೋದು ಅದೇ ಅಲ್ವೇನ್ಲಾ?"

ಅಪ್ಪ ಮುಚ್ಚಳವನ್ನು ಬಟ್ಟೆಯಿಂದ ಒರೆಸಿದರು. ಆದರೆ ಸಂದುಗೊಂದುಗಳಲ್ಲೆಲ್ಲ ತೇವ. ವೈರುಗಳೂ ನೆನೆದಿದ್ದವು. ಬಿಸಿಲಿಗೆ ಇಡೋಣವೆಂದರೆ ಮಂಜು ಇನ್ನೂ ಬಿಟ್ಟಿರಲಿಲ್ಲ.

ಆಗ ಅಜ್ಜಿಯೇ ಮತ್ತೆ ಬಾಯಿ ಬಿಟ್ಟರು. "ಇವ್ಳ ಮಾರುದ್ದ ಕೂದ್ಲನ್ನೇ ಒಣಗಿಸ್ದೋಳು ನಾನು. ಈ ಬಟ್ಲು ಒಣಗಲ್ವಾ? ತತ್ತಾ ಇಲ್ಲಿ."

ಕಾರಿನ ಹತ್ತಿರ ಕೆಂಡ ತರುವುದು ಬೇಡವೆಂದು ಎಲ್ಲವನ್ನೂ ಹಿತ್ತಲಿಗೆ ಒಯ್ದೆವು. ನನ್ನ ಕೂದಲು ಒಣಗಿಸಿದ ಅದೇ ಕೆಂಡ, ಅದೇ ಬುಟ್ಟಿ. ಬುಟ್ಟಿಯ ಮೇಲೆ ಮುಚ್ಚಳವನ್ನೂ ವೈರುಗಳನ್ನೂ ಹರವಿ, ಅಪ್ಪ ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಾ ಬಾಣಂತಿ ಕೋಣೆ ಕಾಯುವವರ ಹಾಗೆ ಕೂತರು. ಅಷ್ಟರಲ್ಲಿ ಅಜ್ಜಿ ರೂಢಿಯ ಮೇಲೆ ಕೆಂಡಕ್ಕೆ ಒಂದು ಹಿಡಿ ಸಾಂಬ್ರಾಣಿ ಎಸೆದೇಬಿಟ್ಟರು. "ಮಸಿ ಹಿಡೀತದೆ ಕಣವ್ವಾ" ಎಂದು ಅಪ್ಪ ಅರಚಿಕೊಂಡು, ಎಲ್ಲವನ್ನೂ ಬಾಚಿ ತಮ್ಮ ಹೊಸ ಜರಿ ಪಂಚೆಯ ಚುಂಗಿನಲ್ಲೇ ಉಜ್ಜಿದರು. ಅಮ್ಮ ಪಂಚೆಯ ಕಡೆ ನೋಡಿ ಹಣೆ ಚಚ್ಚಿಕೊಂಡರು.

ಎಲ್ಲ ಜೋಡಿಸಿ ಆಯಿತು. "ಎಳಿಯವ್ವಾ." ದೇವರನ್ನು ನೆನೆದು ಎಳೆದೆ. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಡರ್ ಎಂದು ಹಿಡಿದುಕೊಂಡಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪ ದಾರಿಯುದ್ದಕ್ಕೂ ಎಲ್ಲೂ ಎಂಜಿನ್ ಆಫ್ ಮಾಡಲಿಲ್ಲ. ಎಳನೀರು ಕುಡಿಯೋಣ ಎಂದ ಸೋದರಮಾವನನ್ನು ದುರುಗುಟ್ಟಿ ನೋಡಿದರು.

ಕುಣಿಗಲ್ ಸೇರಿದಾಗ ಚಪ್ಪರದ ಬಾಗಿಲಲ್ಲೇ ಆ ಸೋದರತ್ತೆ ನಿಂತಿದ್ದರು. ಧಾರೆಗೆ ಇನ್ನು ಸ್ವಲ್ಪವೇ ಹೊತ್ತು. ಅಪ್ಪ ಬೈಸಿಕೊಳ್ಳಲು ತಯಾರಾಗಿ ಕೈಮುಗಿದರು. ಆಕೆ ಕಾರಿನ ಬಾಗಿಲು ತೆಗೆದು ಮೂಗರಳಿಸಿದರು. "ನೋಡ್ರಮ್ಮ, ಕಾರ್‌ಗೂ ಸಾಂಬ್ರಾಣಿ ಹಾಕ್ಕೊಂಡ್ ಬಂದವ್ರೆ. ಶಾಸ್ತ್ರ ಅಂದ್ರೆ ಇದು. ಒಂಚೂರು ತಡವಾದ್ರೆ ಏನಂತೆ?" ಎಂದರು. ಅಜ್ಜಿ ಗಂಭೀರವಾಗಿ, "ನಮ್ಮಲ್ಲಿ ಹಿಂದಿನಿಂದ್ಲೂ ಹಂಗೇ ಕಣಮ್ಮಾ" ಎಂದುಬಿಟ್ಟರು. ಅಪ್ಪನಿಗೆ ಕೆಮ್ಮು ಬಂತು. ನಾನು ಮೊದಲೇ ತಲೆ ತಗ್ಗಿಸಿಕೊಂಡಿದ್ದೆ, ನಗು ಯಾರಿಗೂ ಕಾಣಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಸಂಜೆ ಅಪ್ಪ ಅಮ್ಮ ಹೊರಡುವ ಹೊತ್ತಾಯಿತು. ನಾನು ಗಂಡನ ಪಕ್ಕದಲ್ಲಿ ಜಗಲಿಯ ಮೇಲೆ ನಿಂತಿದ್ದೆ. ಹೊರಡುವ ಮುಂಚೆ ಎಂಜಿನ್ ನೋಡುವುದು ಅಪ್ಪನ ಅಭ್ಯಾಸ. ಬಾನೆಟ್ ಎತ್ತಿ, ಒಳಗೆ ತಲೆ ಹಾಕಿ, ಯೋಚನೆಯೇ ಇಲ್ಲದೆ ಕೂಗಿದರು, "ಎಳಿಯವ್ವಾ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನಿಗೂ ಗೊತ್ತಾಗಿರಬೇಕು, ತಲೆ ಹೊರಗೆ ತೆಗೆಯಲೇ ಇಲ್ಲ. ಆ ಸೋದರತ್ತೆಯೇ ನನ್ನ ಬೆನ್ನು ಮೆಲ್ಲಗೆ ತಳ್ಳಿ, "ಹೋಗವ್ವಾ, ನಿಮ್ಮಪ್ಪ ಕರೀತಾವ್ರೆ" ಎಂದರು.

ಹೋಗಿ ಕೂತು ಎಳೆದೆ. ಬೆಳಿಗ್ಗೆ ಇಡೀ ಬೀದಿ ತಳ್ಳಿದರೂ ಏಳದಿದ್ದ ಆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಜೀವನದಲ್ಲಿ ಮೊದಲ ಬಾರಿಗೆ, ಇದು ಇವತ್ತೊಂದು ದಿನ ಕೆಟ್ಟು ನಿಲ್ಲಬಾರದಿತ್ತೇ ಅಂತ ನನಗೆ ಅನ್ನಿಸಿತು.

ಈಗ ಅಪ್ಪನೂ ಇಲ್ಲ, ಅಜ್ಜಿಯೂ ಇಲ್ಲ, ಆ ಕಾರೂ ಇಲ್ಲ. ಆದರೆ ಮೊಮ್ಮಗಳ ತಲೆಗೆ ಸಾಂಬ್ರಾಣಿ ಹೊಗೆ ಹಿಡಿದಾಗಲೆಲ್ಲ ಯಾರೋ ಬಾನೆಟ್ಟಿನ ಒಳಗಿಂದ ಕೂಗಿದ ಹಾಗಾಗುತ್ತದೆ, ನನ್ನ ಬಲಗೈ ತಾನಾಗಿಯೇ ಸ್ಟಾರ್ಟರ್ ಹುಡುಕುತ್ತದೆ.