ಬಿಸಿಲಪ್ಪ ಕೂರಿಸಿದ ಸೂರ್ಯ

ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಥೇಟ್ ಫೋಟೋದಂತೆ ಮಾಡಿಕೊಡುವುದು ಅವನ ಕಸುಬು. ನೆಲಕ್ಕೆ ಈಗಷ್ಟೇ ಒರೆಸಿದ ಹೊಳಪು, ಸೋಫಾದ ಮೇಲೆ ಯಾರೋ ಎದ್ದುಹೋದಂಥ ತಗ್ಗು, ಎಲ್ಲ ಇಡುತ್ತಿದ್ದ. ಬಿಸಿಲಿನ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ. ಸೈಟಿನ ದಿಕ್ಕು ನೋಡಿ, ಸುತ್ತಲಿನ ಕಟ್ಟಡಗಳನ್ನೆಲ್ಲ ಬೂದು ಡಬ್ಬಿಗಳಂತೆ ನಿಲ್ಲಿಸಿ, ಆಮೇಲೆಯೇ ಸೂರ್ಯನನ್ನು ಕೂರಿಸುವನು. ನೆರಳು ಬೀಳುವ ಕಡೆ ನೆರಳು ಬೀಳಲೇಬೇಕು. ಗಿರಾಕಿಗೆ ಬೆಳಕು ಬೇಕು ಕಣಯ್ಯ ಎಂದು ಆಫೀಸಿನವರು ಗೋಗರೆದರೂ ಜಗ್ಗುತ್ತಿರಲಿಲ್ಲ. ಅದಕ್ಕೇ ಅವನಿಗೆ ಬಿಸಿಲಪ್ಪ ಎಂದು ಹೆಸರು ಬಿದ್ದಿತ್ತು.

ಅಕ್ಕ ಹೊಲಿಗೆ ಮಿಷನ್ ತುಳಿದು ಅವನನ್ನು ಓದಿಸಿದವಳು. ಅವನ ಜೊತೆ ಓದಿದ ಗೆಳೆಯನೂ ಆ ಮನೆಯಲ್ಲೇ ಉಂಡು, ಅಕ್ಕ ಹೊಲಿದ ಅಂಗಿ ತೊಟ್ಟು ದೊಡ್ಡವನಾದ. ಈಗ ಅವನು ಆರ್ಕಿಟೆಕ್ಟ್, ಬಿಸಿಲಪ್ಪನಿಗೆ ಕೆಲಸ ಕೊಡುವವನು. ಅಕ್ಕನಿಗೋ ಕಣ್ಣು ಮಂಜಾಗುತ್ತ ಬಂದು, ಹಗಲಿನ ಬೆಳಕಿಲ್ಲದೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

ಒಮ್ಮೆ ಗೆಳೆಯ ಎದುರುಬದುರಾಗಿ ಏಳಲಿರುವ ಎರಡು ಕಟ್ಟಡಗಳ ಕೆಲಸ ತಂದ. ಮೊದಲನೆಯದರ ಒಂದು ಮನೆಯ ಚಿತ್ರದಲ್ಲಿ, ಪೂರ್ವದ ಕಿಟಕಿಯ ಬಳಿ ಬಿಸಿಲಪ್ಪ ಅಕ್ಕನದೇ ಹೊಲಿಗೆ ಮಿಷನ್ ಹೋಲುವಂಥದ್ದನ್ನು ಪ್ರೀತಿಗೆ ಇಟ್ಟ. ಎದುರಿನ ಕಟ್ಟಡದ ನೆರಳಿನಲ್ಲಿ ಅದು ಮಸುಕಾಗಿಯೇ ಕಂಡಿತು. ಸೋಫಾದ ಬಣ್ಣ ಬದಲಿಸಬೇಕೆಂದು ಗೆಳೆಯ ಮೂಲ ಫೈಲನ್ನೇ ಕೇಳಿದ. ಈ ಕಸುಬಿನಲ್ಲಿ ಮುಗಿದ ಚಿತ್ರ ಕೊಡುತ್ತಾರೆಯೇ ಹೊರತು, ಹೇಗೆ ಬೇಕಾದರೂ ತಿದ್ದಬಹುದಾದ ಮೂಲ ಫೈಲನ್ನು ಯಾರೂ ಕೊಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡವನಿಗೆ ಇಲ್ಲವೆನ್ನುವುದು ಹೇಗೆ? ಕೊಟ್ಟುಬಿಟ್ಟ.

ಮೊದಲ ಕಟ್ಟಡ ಎದ್ದಿತು. ಒಂದು ಬೆಳಿಗ್ಗೆ ಅಕ್ಕ ಅವನನ್ನು ಅಲ್ಲಿಗೆ ಕರೆದೊಯ್ದು, ಎರಡನೇ ಮಹಡಿಯ ಬಾಗಿಲಿಗೆ ತನ್ನದೇ ಕೀಲಿಕೈ ಹಾಕಿದಳು. ಇದ್ದಬದ್ದದ್ದನ್ನೆಲ್ಲ ಸುರಿದು ಕೊಂಡಿದ್ದಳಂತೆ. ತಮ್ಮನಿಗೆ ಈಗಲೇ ಹೇಳಬೇಡಿ, ಬೆರಗಾಗಲಿ ಎಂದು ಗೆಳೆಯನೇ ಹೇಳಿದ್ದನಂತೆ. ಕಿಟಕಿಯ ಬಳಿ ಮಿಷನ್ನು, ಅದರ ಮೇಲೆ ಎಳೆಬಿಸಿಲು. ಪಕ್ಕದ ಗೋಡೆಯಲ್ಲಿ ಕಟ್ಟು ಹಾಕಿಸಿದ ಅವನದೇ ಚಿತ್ರ. ಅವನು ನೆರಳಿನಲ್ಲಿಟ್ಟಿದ್ದ ಮಿಷನ್ನಿನ ಮೇಲೆ ಅದರಲ್ಲೂ ಬಿಸಿಲು!

ಅವನು ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ ಎರಡನೇ ಕಟ್ಟಡದ ಪಾಯ ತೋಡಿ ಕಂಬಗಳಿಗೆ ಕಬ್ಬಿಣ ಕಟ್ಟುತ್ತಿದ್ದರು.

ನೇರವಾಗಿ ಗೆಳೆಯನ ಆಫೀಸಿಗೆ ಹೋದ. ಚಿತ್ರದಿಂದ ಎದುರಿನ ಕಟ್ಟಡ ಎಲ್ಲಿ ಹೋಯಿತೆಂದು ಕೇಳಿದರೆ ಗೆಳೆಯ ತಲೆ ಎತ್ತಲೂ ಇಲ್ಲ.

"ಅದನ್ನ ನಾನು ಅಳಿಸಿಲ್ಲ ಕಣೋ, ಚಿತ್ರದಲ್ಲಿ ಕಾಣದ ಹಾಗೆ ಮಾಡಿದೆ ಅಷ್ಟೆ. ಫೈಲಲ್ಲಿ ಈಗಲೂ ಇದೆ."

"ಕೊಳ್ಳೋದು ಅಕ್ಕ ಅಂತ ಗೊತ್ತಿತ್ತಲ್ಲ? ಬಿಸಿಲು ಬರತ್ತಾ ಅಂತ ಅವಳು ಕೇಳಲಿಲ್ವಾ?"

"ಕೇಳಿದ್ರು. ನಿಮ್ಮ ತಮ್ಮ ಮಾಡಿದ ಚಿತ್ರ, ಸುಳ್ಳಿರತ್ತಾ ಅಂದೆ."

ಉಂಡ ಮನೆಯ ಜಂತೆ ಎಣಿಸುವವರನ್ನು ಜನ ಕಂಡಿದ್ದಾರೆ. ಇವನು ಉಣಿಸಿದವಳ ಬೆಳಕನ್ನೇ ಮಾರಿಕೊಂಡಿದ್ದ, ಅದೂ ಅವಳ ತಮ್ಮನ ಹೆಸರು ಹೇಳಿ.

ಮರುದಿನ ಬೆಳಿಗ್ಗೆ ಹೊಸ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಈ ಬಿಸಿಲು ಎಲ್ಲಿವರೆಗೆ ಇರತ್ತೆ? ನಿನಗೆ ಲೆಕ್ಕ ಬರತ್ತಲ್ಲ."

"ಎದುರುಗಡೆ ಮೂರನೇ ಮಹಡಿ ಏಳೋವರೆಗೆ ಅಕ್ಕ. ಆ ಫೈಲು ಕೊಟ್ಟಿದ್ದು ನಾನೇ, ಆದರೆ ಅವನು ಹೀಗೆ ಮಾಡ್ತಾನೆ ಅಂತ..."

"ಅವನು ಹೇಳಿದ್ದಕ್ಕೆ ಕೊಂಡೆ ಅಂದ್ಕೊಂಡ್ಯಾ? ನಾನು ನಂಬಿದ್ದು ನಿನ್ನ."

ಎದ್ದು, ಗೋಡೆಯ ಮೇಲಿನ ಚಿತ್ರವನ್ನು ಇಳಿಸಿ ಸೆರಗಿನಿಂದ ಧೂಳು ಒರೆಸಿದಳು. ಅವನ ಕೈಗೆ ಕೊಟ್ಟು, ಬಿಸಿಲಿರುವಾಗಲೇ ಮುಗಿಸಬೇಕೆಂದು ಹೊಲಿಯಲು ಕೂತಳು.